ಎಲುಬು ಮುರಿಯದ ಕುರಿಮರಿ

ಹಳೆಯ ಒಡಂಬಡಿಕೆಯ ಮಾತುಗಳು ಯೇಸುವಿನಲ್ಲಿ ನೆರವೇರಿದವು ಎಂಬ ನಿಮ್ಮ ಲೇಖನ ಓದಿದೆ. ಯೇಸು ಹುಟ್ಟಿದ ಬೇತ್ಲೆಹೇಮಿನ ಬಗ್ಗೆ ಪ್ರವಾದಿ ಮೀಕ ಹೇಳಿದ್ದು, ಯೆಶಾಯ 53ರಲ್ಲಿ ಬರುವ ನೋವುಣ್ಣುವ ಸೇವಕನ ಭಾಗ, ಎರಡನ್ನೂ ಚೆನ್ನಾಗಿ ವಿವರಿಸಿದ್ದೀರಿ. ಆದರೆ ಪಸ್ಕದ (ಐಗುಪ್ತದ ಬಿಡುಗಡೆಯನ್ನು ನೆನೆಯುವ ಯೆಹೂದ್ಯರ ಹಬ್ಬ) ಕುರಿಮರಿಯನ್ನೇ ಬಿಟ್ಟಿದ್ದೀರಲ್ಲ! ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ಅದೇ. ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಹೊರಡುವ ರಾತ್ರಿ ಇಸ್ರಾಯೇಲ್ಯರು ಕುರಿಮರಿಯ ರಕ್ತವನ್ನು ಬಾಗಿಲಿನ ಚೌಕಟ್ಟಿಗೆ ಹಚ್ಚಿದರು. ಅದರ ಒಂದು ಎಲುಬನ್ನೂ ಮುರಿಯಬಾರದು ಅಂತ ವಿಮೋಚನಕಾಂಡ 12:46ರಲ್ಲಿದೆ. ಸುಮ್ನೆ ಊಟದ ನಿಯಮ ಅನ್ನಿಸುತ್ತದೆ, ಅಲ್ವಾ? ಈಗ ಯೇಸುವನ್ನು ಶಿಲುಬೆಗೇರಿಸಿದ್ದನ್ನು ಹೇಳುವ ಯೋಹಾನನ ಸುವಾರ್ತೆ 19 ತೆಗೆದು ನೋಡಿ. ಬೇಗ ಸಾಯಲಿ ಅಂತ ಸೈನಿಕರು ಯೇಸುವಿನ ಅಕ್ಕಪಕ್ಕ ಶಿಲುಬೆಗೇರಿಸಿದ್ದ ಇಬ್ಬರ ಕಾಲು ಮುರಿದರು. ಯೇಸು ಆಗಲೇ ಸತ್ತಿದ್ದನ್ನು ಕಂಡು ಆತನ ಕಾಲು ಮುರಿಯಲಿಲ್ಲ. ಯೋಹಾನ ಅಲ್ಲೇ ಆ ಹಳೆಯ ಮಾತನ್ನು ನೆನಪಿಸುತ್ತಾನೆ. ಯೆಹೂದ್ಯರು ಇದನ್ನು ಹೀಗೆ ಓದುವುದಿಲ್ಲ, ಗೊತ್ತು. ನನಗಂತೂ ಗುಡ್ ಫ್ರೈಡೇ ದಿನ ಈ ಭಾಗ ಕೇಳುವಾಗ ಪ್ರತಿ ಸಲ ಗಂಟಲು ಕಟ್ಟುತ್ತದೆ.