ಎರಡು ಬೆರಳಿನ ಗ್ಯಾಪು

ರಸ್ತೆಯಲ್ಲಿ ಹಂಪ್ ಕಂಡಾಗಲೆಲ್ಲ ಕಾರಿನಿಂದ ಇಳಿದು, ಅದನ್ನು ನಡೆದು ದಾಟಿ, ಆಚೆ ಬದಿಯಲ್ಲಿ ಮತ್ತೆ ಕಾರು ಹತ್ತುವ ಯೋಗವೊಂದು ಇತ್ತೀಚೆಗೆ ನನಗೆ ಒದಗಿ ಬಂದಿದೆ. ಕಾರು ನನ್ನದಲ್ಲ, ನನ್ನ ಹೆಂಡತಿಯ ತಮ್ಮನದು. ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಜೆಡ್4. ಇರುವುದು ಎರಡೇ ಸೀಟು. ಗುಂಡಿ ಒತ್ತಿದರೆ ಅದರ ಚಾವಣಿ ತಾನಾಗಿ ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಮಲಗುತ್ತದೆ. ಚಾವಣಿ ಅಲ್ಲಿ ಮಲಗಿದ ಮೇಲೆ ಸಾಮಾನಿಗೆ ಹೆಚ್ಚು ಜಾಗ ಉಳಿಯುವುದಿಲ್ಲವಾದ್ದರಿಂದ ಅತ್ತೆಯವರು ಕೊಟ್ಟು ಕಳಿಸುವ ಹುಳಿಯ ಡಬ್ಬಿ ನನ್ನ ತೊಡೆಯೇರುತ್ತದೆ. ಅಷ್ಟನ್ನು ನಾನು ಸಹಿಸಿಕೊಂಡಿದ್ದೆ. ಆದರೆ ಕೂತರೆ ಏಳುವುದೇ ಕಷ್ಟವೆನ್ನುವಷ್ಟು ತಗ್ಗಾಗಿದ್ದ ಆ ಕಾರನ್ನು ಇನ್ನೂ 30 ಮಿಲಿಮೀಟರ್ ಇಳಿಸಬೇಕೆಂದು ಅವನಿಗೆ ಅನ್ನಿಸಿತು, ಇಳಿಸಿಯೂ ಬಿಟ್ಟ.

ಕಾರಣ ಕೇಳಿದರೆ ಅವನದು ಒಂದೇ ಉತ್ತರ: ಗ್ಯಾಪು. ಟೈರಿನ ನೆತ್ತಿಗೂ ಅದರ ಮೇಲಿನ ಫೆಂಡರಿನ ಕಮಾನಿಗೂ ನಡುವೆ ಇರುವ ಖಾಲಿ ಜಾಗದಲ್ಲಿ ಎರಡು ಬೆರಳು ಮಾತ್ರ ಹಿಡಿಸಬೇಕು, ಮೂರನೆಯದು ಹಿಡಿಸಿದರೆ ಅದು ಸ್ಪೋರ್ಟ್ಸ್ ಕಾರೇ ಅಲ್ಲ ಎಂಬುದು ಅವನ ಸಿದ್ಧಾಂತ. ಸಿದ್ಧಾಂತ ಅವನ ಕಾರಿನ ಮಟ್ಟಿಗೆ ಇದ್ದಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಅವನು ಕಂಡ ಕಂಡ ವಾಹನಕ್ಕೆಲ್ಲ ಬೆರಳು ಹಾಕಿ ಅಳೆಯುತ್ತಾನೆ. ಪಾರ್ಕಿಂಗಿನಲ್ಲಿ ನಿಂತ ಪರರ ಕಾರುಗಳಿಗೆ, ತರಕಾರಿಯ ಟೆಂಪೋಗೆ, ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಆಟೋಗೆ. ಬಿಎಂಟಿಸಿ ಬಸ್ಸಿನ ಹಿಂದಿನ ಚಕ್ರದ ಸಂದಿಗೆ ಮೊಣಕೈವರೆಗೆ ತೋಳು ತೂರಿಸಿ "ಛೇ" ಎಂದು ಮರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊನ್ನೆ ನಮ್ಮ ಕಡೆಯದೇ ಮದುವೆಯೊಂದರಲ್ಲಿ, ಛತ್ರದ ಬಾಗಿಲಿಗೆ ಬಂದು ನಿಂತ ಮದುಮಗನ ಕಾರಿನ ಮುಂದಿನ ಚಕ್ರದ ಬಳಿ ಇವನು ರೇಷ್ಮೆ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕುಳಿತ. ಇಳಿಬಿದ್ದಿದ್ದ ಸೇವಂತಿಗೆ ಹಾರವನ್ನು ಎಡಗೈಯಲ್ಲಿ ಸರಿಸಿ, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಸಂದಿಗೆ ಇಳಿಸಿದ. ಓಲಗದವರು ಊದುವುದನ್ನು ನಿಲ್ಲಿಸಿ ನೋಡಿದರು. ಹುಡುಗಿಯ ಸೋದರಮಾವ ಗಾಬರಿಯಿಂದ ಓಡಿಬಂದು "ಪಂಕ್ಚರ್ ಆಯಿತೇ?" ಎಂದು ಕೇಳಿದರು. "ಇಲ್ಲ ಸಾರ್, ನಾಲ್ಕು ಬೆರಳು" ಎಂದು ಇವನು ಗಂಭೀರವಾಗಿ ವರದಿ ಒಪ್ಪಿಸಿದ. ಮುಹೂರ್ತದ ಹೊತ್ತಿಗೆ, ಗಂಡಿನ ಕಡೆಯವರು ಕಾರಿನಲ್ಲಿ ಏನನ್ನೋ ಬಚ್ಚಿಟ್ಟಿದ್ದಾರೆಂಬ ಸುದ್ದಿ ಊಟದ ಹಾಲಿನವರೆಗೆ ಹಬ್ಬಿತ್ತು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಎಲ್ಲರೂ ಗೌತಮ ರಥಕ್ಕೆ ಕೈಮುಗಿಯುತ್ತಿದ್ದರೆ ಇವನು ಅದರ ಮರದ ಚಕ್ರಗಳನ್ನು ಬಗ್ಗಿ ನೋಡಿ, "ಫೆಂಡರೇ ಇಲ್ಲ ಭಾವ, ಆದರೂ ನಿಂತಿರುವ ಭಂಗಿ, ಆ ಸ್ಟಾನ್ಸ್ ನೋಡಿ!" ಎಂದು ಗದ್ಗದಿತನಾದ.

ಗ್ಯಾಪು ತಗ್ಗಿಸುವುದಕ್ಕೆ ಗಿಡ್ಡ ಸ್ಪ್ರಿಂಗು ಬೇಕು. ಚಕ್ರವನ್ನು ಹೊರಕ್ಕೆ ತಂದು ಫೆಂಡರಿನ ಅಂಚಿಗೆ ಸಮ ಮಾಡುವುದಕ್ಕೆ ಸ್ಪೇಸರ್ ಬೇಕು. ಅಚ್ಚಿನ ತುದಿಯ ಹಬ್ಬಿಗೂ ಚಕ್ರಕ್ಕೂ ನಡುವೆ ಕೂರಿಸುವ ಈ ಅಲ್ಯುಮಿನಿಯಂ ಬಿಲ್ಲೆಯ ದಪ್ಪ 12 ಮಿಲಿಮೀಟರೋ 15 ಮಿಲಿಮೀಟರೋ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ನಮ್ಮ ಮನೆಯ ರಾತ್ರಿ ಊಟ ನೆಮ್ಮದಿಯಾಗಿ ನಡೆದಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಹುರಿಗಡಲೆಯ ಒಂದು ಬೇಳೆಯಷ್ಟು. ಅದಕ್ಕಾಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನು ಈ ತುದಿಯಿಂದ ಆ ತುದಿಯವರೆಗೆ ಜಾಲಾಡಿದ್ದಾಯಿತು. ಹಬ್ಬಿನ ನಡುವಿನ ಉಬ್ಬು 72.6 ಮಿಲಿಮೀಟರ್, ಬಿಲ್ಲೆಯ ತೂತೂ ಕರಾರುವಾಕ್ಕಾಗಿ ಅಷ್ಟೇ ಇರಬೇಕು, ಸಡಿಲವಾದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಬಿಲ್ಲೆ ಎಷ್ಟು ದಪ್ಪವೋ ಬೋಲ್ಟೂ ಅಷ್ಟೇ ಉದ್ದ ಹೆಚ್ಚಬೇಕು, ಇಲ್ಲದಿದ್ದರೆ ಎರಡು ಮೂರು ಸುತ್ತು ತಿರುಪಿನ ಮೇಲೆ ಇಡೀ ಚಕ್ರ ನೇತಾಡುತ್ತದೆ. ಹೊರಕ್ಕೆ ಬಂದ ಚಕ್ರ ಬೇರಿಂಗಿನ ಮೇಲೆ ಹೆಚ್ಚು ಭಾರ ಹಾಕುತ್ತದೆ. ಐದು ಬೋಲ್ಟುಗಳು ಕೂರುವ ವೃತ್ತದ ವ್ಯಾಸ 120 ಮಿಲಿಮೀಟರ್, ಅವುಗಳನ್ನು ಬಿಗಿಯಬೇಕಾದದ್ದು 120 ನ್ಯೂಟನ್ ಮೀಟರ್. ಎರಡೂ 120 ಏಕೆ ಎಂದು ಕೇಳಿದ್ದಕ್ಕೆ ಅವನು ನನ್ನನ್ನು ಮರುಕದಿಂದ ನೋಡಿ, ತನ್ನ ಅಕ್ಕನ ಕಡೆಗೆ ತಿರುಗಿ ಇನ್ನೊಂದು ಚಪಾತಿ ಕೇಳಿದ.

ಕಾನೂನಿನ ಮಾತೆತ್ತಿದ್ದೂ ನಾನೇ. ಕಾರ್ಖಾನೆಯಿಂದ ಬಂದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ, ಮೋಟಾರು ವಾಹನ ಕಾಯ್ದೆಗೆ ಅದೇ ವರ್ಷ ಬಂದ ತಿದ್ದುಪಡಿಯ ಪ್ರಕಾರ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು ಎಂದೆ. ಅವನು ಕ್ಷಣ ಯೋಚಿಸಿ, "ನಾಲ್ಕು ಸ್ಪೇಸರ್ ಹಾಕಿದರೆ ಒಂದು ಬದಲಾವಣೆಯೋ, ನಾಲ್ಕೋ?" ಎಂದು ಕೇಳಿದ. ಈ ತಲೆಯನ್ನು ಅವನು ಓದುವ ಕಾಲದಲ್ಲಿ ಓಡಿಸಿದ್ದರೆ ಮಾವನವರ ರಕ್ತದೊತ್ತಡ ಇಳಿಯುತ್ತಿತ್ತು.

ಅಂತೂ ಹಿಂದಕ್ಕೆ 15, ಮುಂದಕ್ಕೆ 12 ಎಂದು ತೀರ್ಮಾನವಾಗಿ ಎಲ್ಲವನ್ನೂ ಕೂರಿಸಿಕೊಂಡು ಮನೆಗೆ ತಂದ ದಿನ, ಗೇಟಿನ ಬಳಿ ಕಾರು ನಿಲ್ಲಿಸಿ ಎಲ್ಲರನ್ನೂ ಹೊರಕ್ಕೆ ಕರೆದ. ಅತ್ತೆಯವರು ಕನ್ನಡಕ ಹಾಕಿಕೊಂಡು ಬಂದು, ಒಂದು ಸುತ್ತು ಹಾಕಿ, "ನಾಲ್ಕೂ ಚಕ್ರದಲ್ಲಿ ಗಾಳಿ ಇಳಿದಿದೆಯಲ್ಲೋ, ಮೊದಲು ಹೋಗಿ ಹಾಕಿಸಿಕೊಂಡು ಬಾ" ಎಂದರು. ಆತ ಆ ರಾತ್ರಿ ಊಟ ಮಾಡಲಿಲ್ಲ.

ಈಗ ಭಾನುವಾರದ ವಿಷಯ. ಬೆಳಗಿನ ಜಾವ ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರುವುದು ಇಂಥ ಕಾರಿನವರಿಗೆಲ್ಲ ವ್ರತವಿದ್ದಂತೆ. ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ಕಾರು ಸೊಗಸಾಗಿ ಓಡುತ್ತದೆ, ತಿರುವಿನಲ್ಲಿ ಒಂದಿಷ್ಟೂ ವಾಲುವುದಿಲ್ಲ, ಅದನ್ನು ಒಪ್ಪಬೇಕು. ಆದರೆ ಬನಶಂಕರಿಯಿಂದ ಅಲ್ಲಿಯವರೆಗೆ ತಲುಪಬೇಕಲ್ಲ! ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕೆಂದು ರಸ್ತೆ ಎಂಜಿನಿಯರುಗಳ ನಿಯಮವಿದೆ. ನಮ್ಮ ಬಡಾವಣೆಯ ಹಂಪುಗಳು ಎತ್ತರದಲ್ಲಿ ಆ ನಿಯಮವನ್ನು ಮೀರಿ, ಅಗಲದಲ್ಲಿ ಉಳಿತಾಯ ಮಾಡಿವೆ. ಅಂಥದ್ದೊಂದು ಎದುರಾದೊಡನೆ ಅವನು ಕಾರು ನಿಲ್ಲಿಸಿ ನನ್ನ ಕಡೆ ನೋಡುತ್ತಾನೆ. ನಾನು ಇಳಿಯಬೇಕು, ನನ್ನ ತೂಕ ಕಳೆದರೆ ಕಾರು ಒಂದು ಕೂದಲೆಳೆ ಮೇಲೇಳುತ್ತದಂತೆ. ಇಳಿಯುವುದೆಂದರೆ, ಒಂದು ಕಾಲನ್ನು ಹೊರಗಿಟ್ಟು, ಬಾಗಿಲಿನ ಅಂಚು ಹಿಡಿದು, ಮಂಡಿಯಿಂದ ಬರುವ ಶಬ್ದ ನಿಂತ ಮೇಲೆ ಉಳಿದ ದೇಹವನ್ನು ಎಳೆದುಕೊಳ್ಳುವುದು. ಬಳಿಕ ರಸ್ತೆಯ ಬದಿಯಲ್ಲಿ ಬಗ್ಗಿ, ಕಾರಿನ ಹೊಟ್ಟೆಗೂ ಹಂಪಿಗೂ ನಡುವೆ ಬೆಳಕು ಕಾಣುತ್ತಿದೆಯೇ ಎಂದು ನೋಡುತ್ತ ಕೈ ಆಡಿಸಬೇಕು. ಅವನು ಸ್ಟೀರಿಂಗನ್ನು ಓರೆಯಾಗಿಸಿ ಒಂದೊಂದೇ ಚಕ್ರವನ್ನು ಹತ್ತಿಸುತ್ತಾನೆ. ಹಿಂದೆ ಹಾಲಿನ ವ್ಯಾನು ಹಾರ್ನ್ ಹೊಡೆಯುತ್ತದೆ. ವಾಕಿಂಗ್ ಬಂದ ಹಿರಿಯರೊಬ್ಬರು ಈ ಸಲ ಟೋಪಿ ತೆಗೆದು ಕೈಗೆ ಹಿಡಿದುಕೊಂಡು, "ಸ್ಟಾರ್ಟ್ ಆಗುತ್ತಿಲ್ಲವೇ? ನಾಲ್ಕು ಜನ ಸೇರಿದರೆ ತಳ್ಳಬಹುದು" ಎಂದು ಸಹೃದಯತೆಯಿಂದ ಕೇಳಿದರು. ಇಷ್ಟಾದ ಮೇಲೂ ಅಡಿಯಿಂದ "ಕರ್ರ್" ಎಂದಿತು. "ನೀವು ಸರಿಯಾಗಿ ನೋಡಲಿಲ್ಲ ಭಾವ" ಎಂದ.

ನಮ್ಮ ತಂದೆಯವರ ಬಳಿ ಒಂದು ಪ್ರೀಮಿಯರ್ ಪದ್ಮಿನಿ ಇತ್ತು. ಅದನ್ನು ಇಳಿಸುವುದಕ್ಕೆ ಯಾರೂ ಖರ್ಚು ಮಾಡಬೇಕಿರಲಿಲ್ಲ. ಹಿಂದಿನ ಸೀಟಿನಲ್ಲಿ ಐದು ಜನ, ಡಿಕ್ಕಿಯಲ್ಲಿ ಅಕ್ಕಿಯ ಮೂಟೆ ಮತ್ತು ಹಾಸಿಗೆ ಸುರುಳಿ ಸೇರಿದರೆ ಹಿಂಭಾಗ ತಾನಾಗಿಯೇ ಕುಳಿತುಬಿಡುತ್ತಿತ್ತು. ಧರ್ಮಸ್ಥಳಕ್ಕೆ ಹೊರಡುವ ಮುಂಚೆ ತಂದೆಯವರು ಮೆಕ್ಯಾನಿಕ್ಕಿನ ಬಳಿ ಹೋಗಿ ಕಮಾನ್ ಪಟ್ಟಿ ಬಿಗಿ ಮಾಡಿಸಿ, ಕಾರು ಒಂದಿಂಚು ಎತ್ತರವಾಯಿತೆಂದು ಹಿಗ್ಗಿ ಬರುತ್ತಿದ್ದರು. ಹೊರಡುವಾಗ ಹಿಂದಿನ ಚಕ್ರವನ್ನು ಒಮ್ಮೆ ಚಪ್ಪಲಿಯ ತುದಿಯಿಂದ ಒದ್ದು, ಶಬ್ದ ಕೇಳಿ, ತಲೆಯಾಡಿಸುತ್ತಿದ್ದರು. ಅವರಿಗೆ ಬೇಕಿದ್ದದ್ದು ಎಲ್ಲರೂ ಹಿಡಿಸುವ ಕಾರು. ಘಾಟಿಯಲ್ಲಿ ಅದು ಬಿಸಿಯಾಗಿ ನಿಂತರೂ ನಾವು ಯಾರೂ ಒಬ್ಬರನ್ನೊಬ್ಬರು ಬಿಟ್ಟು ಮುಂದೆ ಹೋದದ್ದಿಲ್ಲ.

ಭಾವಮೈದುನನ ಫೋನು ನಿನ್ನೆ ರಾತ್ರಿ ಮತ್ತೆ ಬಂತು. ಕೆಲವು ಪೋರ್ಷ 911 ಕಾರುಗಳಲ್ಲಿ ಗುಂಡಿ ಒತ್ತಿದರೆ ಮೂತಿ ಸುಮಾರು 40 ಮಿಲಿಮೀಟರ್ ಮೇಲೇಳುತ್ತದಂತೆ. ಅಂಥದ್ದೇ ವ್ಯವಸ್ಥೆಯನ್ನು ತನ್ನ ಕಾರಿಗೂ ಕೂರಿಸಲು ವಿಚಾರಿಸುತ್ತಿದ್ದಾನಂತೆ. ಅದು ಬಂದರೆ ನಾನು ಇಳಿಯುವ ಅಗತ್ಯವೇ ಇಲ್ಲವೆಂದು ಆಶ್ವಾಸನೆ ಕೊಟ್ಟ. ಇಳಿಸಿದ್ದು 30, ಏರಿಸುವುದು 40, ಮಿಕ್ಕ 10 ಮಿಲಿಮೀಟರನ್ನು ಏನು ಮಾಡುತ್ತೀಯಪ್ಪ ಎಂದು ಕೇಳಿದೆ.

"ಅದನ್ನೇ ಹೇಳೋಣ ಎಂದು ಫೋನ್ ಮಾಡಿದೆ ಭಾವ" ಎಂದ. "ಇನ್ನೂ ಹತ್ತು ಇಳಿಸಬಹುದು."