ನಂದಿ ಕೋಟೆ ಗೋಡೆ ಯಾರಪ್ಪನ ಸ್ಲೇಟು?

ಇವತ್ತು ಬೆಳಗ್ಗೆ ನಂದಿ ಬೆಟ್ಟದಲ್ಲಿ ಒಬ್ಬ ಹುಡುಗ ಬೈಕ್ ಕೀ ಹಿಡ್ಕೊಂಡು ಕೋಟೆ ಗೋಡೆ ಕೆರೀತಿದ್ದ. ಗೆಳೆಯ ಮೊಬೈಲ್ ಟಾರ್ಚ್ ಬಿಡ್ತಿದ್ದ. ಒಂದು ಹೆಸರು, ಬಾಣ ಚುಚ್ಚಿದ ಹೃದಯ, ಇನ್ನೊಂದು ಹೆಸರು ಅರ್ಧ ಆಗಿತ್ತು. ಗಾರೆ ಪುಡಿ ಅವನ ಶೂ ಮೇಲೇ ಉದುರ್ತಿತ್ತು. ನನ್ನ ಮೇಷ್ಟ್ರ ಬುದ್ಧಿ ನಿಮಗೆ ಗೊತ್ತಲ್ಲ, ಸುಮ್ನಿರೋಕಾಗಲಿಲ್ಲ. "ಏನಪ್ಪಾ ಇದು?" ಅಂದೆ.

"ಎಲ್ರೂ ಬರ್ದಿದಾರಲ್ಲ ಅಂಕಲ್."

ಎಲ್ರೂ ಅಂತೆ!

1791ರಲ್ಲಿ ಟಿಪ್ಪು ಮೇಲೆ ಯುದ್ಧಕ್ಕೆ ಬಂದಿದ್ದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕಡೆಯವರು ಈ ಕೋಟೆಗೆ ವಾರಗಟ್ಟಲೆ ಮುತ್ತಿಗೆ ಹಾಕಿದ್ರು. ಕಡಿದಾದ ಬೆಟ್ಟಕ್ಕೆ ದಾರಿ ಮಾಡಿ, ತೋಪು ಎಳೆದು ಹತ್ತಿಸಿ, ಗೋಡೆ ಒಡೆದು, ಅಕ್ಟೋಬರ್‌ನ ಒಂದು ರಾತ್ರಿ ಒಳಗೆ ನುಗ್ಗಿದ್ರು. ಬ್ರಿಟಿಷರ ಗುಂಡಿಗೆ ಉಳಿದಿದ್ದು ಈಗ ಬೈಕ್ ಕೀಗೆ ಸಿಕ್ಕಿದೆ. 1,478 ಮೀಟರ್ ಎತ್ತರಕ್ಕೆ ಬರೋ ನಮ್ಮ ಜನಕ್ಕೆ ಬೇಕಾಗಿರೋದು ಮೋಡ, ಮ್ಯಾಗಿ, ರೀಲ್ಸ್. ಗೋಡೆ ಇರೋದು ಕಾಲಿಟ್ಟು ಪೋಸ್ ಕೊಡೋಕೆ, ಇಲ್ಲಾ ಕೆರೆಯೋಕೆ.

ಇದನ್ನ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರೆ ಒಬ್ಬ ಬುದ್ಧಿವಂತ, "ಹಳೇ ರಾಜರೂ ಕಲ್ಲಲ್ಲಿ ಹೆಸರು ಕೆತ್ತಿಸಿದ್ರಲ್ಲ ಸಾರ್, ಅದನ್ನ ಶಾಸನ ಅಂತೀರಿ" ಅಂದ. ಹೌದು ಮಾರಾಯ. ಬೆಟ್ಟದ ಕೆಳಗಿರೋ ಭೋಗನಂದೀಶ್ವರ ದೇವಸ್ಥಾನನೇ ತಗೋ. ರಾಷ್ಟ್ರಕೂಟರ ಮೂರನೇ ಗೋವಿಂದನ ಕಾಲದ, ಸುಮಾರು 806ರ ಶಾಸನದಲ್ಲಿ ಇರೋದು ದೇವಸ್ಥಾನಕ್ಕೆ ದತ್ತಿ ಬಿಟ್ಟ ಲೆಕ್ಕ. ಕೊಟ್ಟು ಕೆತ್ತಿಸಿದ್ರು. ನಮ್ಮ ಹೀರೋ ಏನು ಕೊಟ್ಟ? ಪಾರ್ಕಿಂಗ್ ದುಡ್ಡಿಗೇ ಜಗಳ ಆಡಿ ಬಂದಿರ್ತಾನೆ!

ಇನ್ನೊಬ್ಬರು ಕಾವಲಿಗೆ ಜನ ಇಲ್ಲ ಅಂದ್ರು. ಸರಿ, ಇಲ್ಲ. ಕೆರೆಯದೇ ಇರೋಕೂ ಒಬ್ಬ ವಾಚ್‌ಮನ್ ಬೇಕಾ? ಕಾನೂನಂತೂ ಇದೆ. ರಾಷ್ಟ್ರೀಯ ಮಹತ್ವದ ಸ್ಮಾರಕಕ್ಕೆ ಹಾನಿ ಮಾಡಿದ್ರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ದಂಡದ ಮೊತ್ತ ಏರಿಸಿದ್ದು 2010ರ ತಿದ್ದುಪಡಿಯಲ್ಲಿ. ಯಾರಾದ್ರೂ ಒಬ್ಬನಿಗೆ ಹಾಕಿ, ಪೇಪರಲ್ಲಿ ಫೋಟೋ ಬರಲಿ. ಹೆಸರು ಕಾಣಿಸ್ಬೇಕು ಅಂತ ತಾನೇ ಆಸೆ?

ಇಷ್ಟು ಸಿಟ್ಟು ಯಾಕೆ ಅಂತ ಹೇಳೇ ಬಿಡ್ತೀನಿ. ಅದೇ ಗೋಡೇಲಿ, ಆ ಹುಡುಗ ನಿಂತಿದ್ದ ಜಾಗದಿಂದ ಸ್ವಲ್ಪ ಆಚೆ, ಬಿಳಿ ಪೇಂಟಲ್ಲಿ ಇನಿಷಿಯಲ್ ಸಮೇತ ನಮ್ಮ ಚಿಕ್ಕಪ್ಪನ ಹೆಸರಿದೆ. ಪಕ್ಕದಲ್ಲಿರೋ ಹೆಸರು ನಮ್ಮ ಚಿಕ್ಕಮ್ಮಂದಲ್ಲ. ಚಿಕ್ಕಪ್ಪ ಫೇಸ್‌ಬುಕ್ಕಲ್ಲಿದ್ದಾರೆ. ಓದ್ಕೊಳ್ಲಿ.