ಅದು ಹುಬ್ಬಳ್ಳ್ಯಾಗ ಬರತೈತೋ, ಧಾರವಾಡದಾಗೋ?

ಹೋದ ಚಳಿಗಾಲದ ಒಂದು ರಾತ್ರಿ. ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೊರಟಿದ್ದೆ. ಎರಡೂ ಊರಿನ ನಡುವೆ ಇರೋ ನವನಗರದಲ್ಲಿ ಗೆಳೆಯನಿಗೆ ಒಂದಿಷ್ಟು ಕಾಗದ ಕೊಡೋದಿತ್ತು, ಇಳಿದೆ. ಕೊಟ್ಟು ವಾಪಸ್ ಬರುವಾಗ ಮುಚ್ಚಿದ ಅಂಗಡಿಯೊಂದರ ಕಟ್ಟೆ ಮೇಲೆ ಒಬ್ಬ ಅಜ್ಜ ಮುದುಡಿ ಕೂತಿದ್ದರು. ಮೈಮೇಲೆ ಒಂದು ತೆಳು ದೋತರ, ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಆಸ್ಪತ್ರೆಯ ಫೈಲು. ಫೈಲು ನೋಡಿ ನಿಂತೆ. ಫೈಲು ಇಟ್ಟುಕೊಂಡವರು ಸುಮ್ನೆ ಬೀದಿಗೆ ಬಂದವರಲ್ಲ.

"ಅಜ್ಜಾರ, ಎಲ್ಲಿಗೆ ಹೋಗಬೇಕ್ರಿ?" ಅಂದೆ.

"ಎಲ್ಲಿಗಂತ ಹೋಗ್ಲಿ ತಮ್ಮಾ" ಅಂದರು.

ಹಾವೇರಿ ಕಡೆಯವರು. ಹೆಂಡತಿಯನ್ನು ಹುಬ್ಬಳ್ಳಿಗೆ ತೋರಿಸೋಕೆ ಅಂತ ಬಂದವರಂತೆ. ಆಕೆ ಉಳಿಯಲಿಲ್ಲ. ಊರಲ್ಲಿ ಈಗ ಯಾರೂ ಇಲ್ಲ, ಇವರೂ ಹೋಗಲಿಲ್ಲ. ಧಾರವಾಡದಲ್ಲಿ ಮಲಗೋಕೆ ಒಂದು ಜಾಗ ಐತಿ ಅಂತ ಹುಬ್ಬಳ್ಳಿಯಲ್ಲಿ ಯಾರೋ ಹೇಳಿದರಂತೆ. ಹೋದರೆ, ಅಲ್ಲಿ ಇನ್ಯಾರೋ ಅದು ಹುಬ್ಬಳ್ಳ್ಯಾಗ ಐತಿ ಅಂದರಂತೆ. ಹಾಗೆ ನಡೆದು ವಾಪಸ್ ಹೊರಟವರು ಅರ್ಧ ದಾರಿಯಲ್ಲಿ ಕೂತಿದ್ದರು.

ಕೈಗೆ ಸಿಕ್ಕ ಒಂದು ನಂಬರಿಗೆ ಫೋನ್ ಮಾಡಿದೆ. ಯಾವ ಕಚೇರಿ ಅಂತ ಬರೆಯುವುದಿಲ್ಲ, ಫೋನ್ ಎತ್ತಿದವರನ್ನು ದೂರಿ ಪ್ರಯೋಜನವೂ ಇಲ್ಲ. ಅವರು ಕೇಳಿದ ಮೊದಲ ಪ್ರಶ್ನೆ: "ಅದು ಹುಬ್ಬಳ್ಳ್ಯಾಗ ಬರತೈತೋ, ಧಾರವಾಡದಾಗೋ?"

ಎರಡೂ ಊರಿಗೆ ಇರುವುದು ಒಂದೇ ಮಹಾನಗರ ಪಾಲಿಕೆ. 1962ರಿಂದ ಒಂದೇ. ಆದರೂ ಈ ಪ್ರಶ್ನೆ. ನಾಳೆ ನಿಜವಾಗಿಯೂ ಎರಡು ಪಾಲಿಕೆ ಆದ ಮೇಲೆ ಹೇಗಿರುತ್ತೆ ಅಂತ ಆ ಚಳಿಯಲ್ಲಿ ನಿಂತು ಯೋಚನೆ ಮಾಡಿದೆ. ಅವತ್ತಿನಿಂದ ಬರೀಬೇಕು ಅಂದುಕೊಂಡಿದ್ದೆ, ಇವತ್ತು ಬರೀತಿದ್ದೇನೆ.

ಮೊದಲೇ ಹೇಳಿಬಿಡ್ತೀನಿ, ನಾನು ಧಾರವಾಡದವನು. ಪ್ರತ್ಯೇಕ ಪಾಲಿಕೆ ಬೇಕು ಅನ್ನುವವರ ಗುಂಪಿನಲ್ಲೇ ಇದ್ದವನು. ಜಿಲ್ಲೆಯ ಹೆಸರು ಧಾರವಾಡ, ಡಿಸಿ ಆಫೀಸು ಧಾರವಾಡದಲ್ಲಿ, ಯುನಿವರ್ಸಿಟಿ ಧಾರವಾಡದಲ್ಲಿ, ಹೈಕೋರ್ಟ್ ಪೀಠವೂ ನಮ್ಮಲ್ಲೇ. ಆದರೆ ಗಟಾರದ ವಿಷಯ ದೊಡ್ಡ ಸಾಹೇಬರಿಗೆ ಹೇಳಬೇಕು ಅಂದರೆ ಹುಬ್ಬಳ್ಳಿಗೆ ಹೋಗಬೇಕು. ಅನುದಾನ ಬಂದಾಗ ದೊಡ್ಡ ತಟ್ಟೆ ಅವರ ಮುಂದೆ, ನಮಗೆ ಚಟ್ನಿ. ಇದು ನಮ್ಮವರ ಹಳೇ ಸಿಟ್ಟು. ಪೂರ್ತಿ ನ್ಯಾಯವೋ ಇಲ್ಲವೋ, ಸಿಟ್ಟು ಸುಳ್ಳಲ್ಲ. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಒಪ್ಪಿದಾಗ ನಮ್ಮ ಓಣಿಯಲ್ಲಿ ಪೇಡೆ ಹಂಚಿದರು. ನಾನೂ ತಿಂದೆ. ಎರಡು ತಿಂದೆ.

ಈಗಲೂ ಬೇಡ ಅನ್ನುತ್ತಿಲ್ಲ. ಮನೆ ಬೇರೆ ಆಗಲಿ. ಆದರೆ ಬಾವಿ ಒಂದೇ ಇದ್ದರೆ ಹಗ್ಗ ಯಾರದು ಅಂತ ಪಾಲು ಮಾಡೋ ದಿನವೇ ಮಾತಾಡಬೇಕು, ಅಲ್ವಾ? ಪಾಲಾದ ಮೇಲೆ ಮಾತಾಡಿದರೆ ಅದು ಕೋರ್ಟಿಗೇ ಹೋಗುತ್ತದೆ.

ನಮ್ಮ ಬಾವಿ ನಿಜಕ್ಕೂ ಒಂದೇ. ನೀರು ಬರೋದು ಸವದತ್ತಿ ಹತ್ತಿರದ ನವಿಲುತೀರ್ಥದಿಂದ, ಮಲಪ್ರಭೆಯಿಂದ. ಅಮ್ಮಿನಬಾವಿಯಲ್ಲಿ ಶುದ್ಧವಾಗಿ ಎರಡೂ ಊರಿನ ಟಾಕಿಗೆ ಹರಿಯುತ್ತದೆ. ಹುಬ್ಬಳ್ಳಿಗೆ ನೀರಸಾಗರ ಕೆರೆ ಇದೆ ನಿಜ, ಆದರೆ ಮಳೆ ಕೈಕೊಟ್ಟರೆ ಅದರ ಮೇಲೆ ನಂಬಿಕೆ ಇಡೋ ಹಾಗಿಲ್ಲ. ಕಳಸಾ ಬಂಡೂರಿ ಹೋರಾಟದಲ್ಲಿ ನಾವು ಧಾರವಾಡದವರು, ಅವರು ಹುಬ್ಬಳ್ಳಿಯವರು ಅಂತ ಯಾರೂ ಬೇರೆ ಕೂತಿರಲಿಲ್ಲ. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕಳಸಾ ಮತ್ತು ಬಂಡೂರಿಗೆ ಸೇರಿ 3.9 ಟಿಎಂಸಿ ಕೊಟ್ಟಿತು. ಆ ನೀರು ಮಲಪ್ರಭೆಗೆ ಬಂದ ದಿನ ಇಬ್ಬರೂ ಒಂದೇ ಪೈಪಿಗೆ ಬಾಯಿ ಇಡೋರು. ಪೊಲೀಸ್ ಕಮಿಷನರೇಟ್ ಒಂದೇ. ಊರು ಬೆಳೆಯೋಕೆ ನಕ್ಷೆ ಹಾಕೋ ನಗರಾಭಿವೃದ್ಧಿ ಪ್ರಾಧಿಕಾರವೂ ಒಂದೇ.

ಬಸ್ಸಂತೂ ಕೇಳಲೇಬೇಡಿ. ಸಾವಿರ ಕೋಟಿ ಹತ್ತಿರ ಸುರಿದು, ವಿಶ್ವಬ್ಯಾಂಕಿನ ಸಾಲವನ್ನೂ ಸೇರಿಸಿ, 22 ಕಿಲೋಮೀಟರ್ ಬಿಆರ್‌ಟಿಎಸ್ ದಾರಿ, ಅಂದರೆ ಚಿಗರಿ ಬಸ್ ಓಡೋಕೆ ರಸ್ತೆ ನಡುವೆ ಬೇರೆಯಾಗಿ ಬಿಟ್ಟ ದಾರಿ, ಮಾಡಿದ್ದೇವೆ. 2018ರಲ್ಲಿ ಬಸ್ ಓಡಿತು, 2020ರ ಫೆಬ್ರವರಿಯಲ್ಲಿ ಉಪರಾಷ್ಟ್ರಪತಿ ಬಂದು ಉದ್ಘಾಟಿಸಿದರು. ಬೈಯುವವರು ತುಂಬ ಇದ್ದಾರೆ. ನಡುವಿನ ದಾರಿಯೆಲ್ಲ ಚಿಗರಿಗೆ, ಉಳಿದವರು ಎರಡೂ ಬದಿ ಒತ್ತಿಕೊಂಡು ಸಾಯಬೇಕು ಅಂತ. ಜೋರು ಮಳೆ ಬಂದರೆ ಟೋಲ್ ನಾಕಾ ಹತ್ತಿರ ಕೆರೆ ಆಗುತ್ತೆ ಅಂತ. ಎರಡೂ ಮಾತು ಸರಿ. ಆದರೂ ಬೆಳಿಗ್ಗೆ ಒಂಬತ್ತಕ್ಕೆ ಜುಬಿಲಿ ಸರ್ಕಲ್ಲಿನಲ್ಲಿ ನಿಂತು ನೋಡಿ. ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವವರು ಒಂದು ಸಾಲು, ಅಲ್ಲಿಂದ ಕಾಲೇಜಿಗೆ, ಕೋರ್ಟಿಗೆ ಬಂದಿಳಿಯುವವರು ಇನ್ನೊಂದು ಸಾಲು. ಈ ದಾರಿಯ ನಡುವೆ ಎಲ್ಲೋ ಒಂದು ಕಡೆ ಈಗ ಗೆರೆ ಎಳೆಯುತ್ತಾರೆ. ಗೆರೆಯ ಆಚೆ ಕಸ ಅವರದು, ಈಚೆ ಕಸ ನಮ್ಮದು. ಬೀದಿ ದೀಪ ಹಾಗೆ, ಫುಟ್‌ಪಾತ್ ಹಾಗೆ, ಚರಂಡಿ ಹಾಗೆ. ಮಳೆ ನೀರಿಗೆ ಮಾತ್ರ ವಾರ್ಡ್ ನಂಬರ್ ಓದೋಕೆ ಬರಲ್ಲ.

ಪುಣೆಯನ್ನು ನೋಡಿ. ಅಲ್ಲಿ ಪುಣೆ, ಪಿಂಪ್ರಿ-ಚಿಂಚ್‌ವಾಡ ಎರಡು ಬೇರೆ ಪಾಲಿಕೆ. ಎರಡಕ್ಕೂ ಮೊದಲು ಬೇರೆ ಬೇರೆ ಬಸ್ ಸಂಸ್ಥೆ ಇತ್ತು. 2007ರಲ್ಲಿ ಎರಡನ್ನೂ ಸೇರಿಸಿ ಪಿಎಂಪಿಎಂಎಲ್ ಅಂತ ಒಂದೇ ಕಂಪನಿ ಮಾಡಿದರು. ನಷ್ಟ ಆದರೆ ಪುಣೆ 60 ಪಾಲು, ಪಿಂಪ್ರಿ-ಚಿಂಚ್‌ವಾಡ 40 ಪಾಲು ಕೊಡಬೇಕು. ಜಗಳ ಇಲ್ಲ ಅಂತಲ್ಲ, ನಮ್ಮ ಕಡೆ ಬಸ್ ಕಮ್ಮಿ ಅಂತ ಅಲ್ಲೂ ಕಿತ್ತಾಡ್ತಾರೆ. ಆದರೆ ಕಿತ್ತಾಡೋಕೆ ಒಂದು ಮೇಜು ಇದೆ. ನಮಗೆ ಆ ಮೇಜೂ ಇಲ್ಲ.

ಬಸ್ಸು, ನೀರಿನ ವಿಷಯದಲ್ಲಿ ನನಗೆ ಅಷ್ಟು ಹೆದರಿಕೆ ಇಲ್ಲ ನೋಡಿ. ಬಸ್ ನಿಂತರೆ ಎರಡು ಊರಿನವರೂ ರಸ್ತೆಗೆ ಇಳಿಯುತ್ತಾರೆ. ನಳದಲ್ಲಿ ಹತ್ತು ದಿನ ನೀರು ಬರದಿದ್ದರೆ ಕೊಡ ಹಿಡಿದು ಬರುತ್ತಾರೆ. ಕಾರ್ಪೊರೇಟರ್ ಮನೆಯಲ್ಲಿ ಕೂರೋ ಹಾಗಿಲ್ಲ. ಆದರೆ ಆ ಅಜ್ಜನಿಗೆ ವೋಟೂ ಇಲ್ಲಿಲ್ಲ, ಓಣಿಯೂ ಇಲ್ಲ. ಅವರ ಪರವಾಗಿ ಕೊಡ ಹಿಡಿಯೋರು ಯಾರು?

ನಗರದ ವಸತಿರಹಿತರಿಗೆ ಆಶ್ರಯ ಕೇಂದ್ರ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2010ರಿಂದಲೇ ಹೇಳುತ್ತಾ ಬಂದಿದೆ. ಕೇಂದ್ರದ ಯೋಜನೆ ಹಾಕಿಕೊಟ್ಟ ಲೆಕ್ಕ, ಲಕ್ಷ ಜನಸಂಖ್ಯೆಗೆ ನೂರು ಜನ ಮಲಗುವಂಥ ಒಂದು ಕೇಂದ್ರ. 2011ರ ಜನಗಣತಿ ಪ್ರಕಾರ ಅವಳಿ ನಗರದಲ್ಲಿ 9.43 ಲಕ್ಷ ಜನ. ಅಂದರೆ ಒಂಬತ್ತು ಕೇಂದ್ರ ಬೇಕು. ಪಾಲಿಕೆ ಎರಡಾದರೆ ಈ ಲೆಕ್ಕವೂ ಎರಡಾಗುತ್ತದೆ. ನಮ್ಮ ಜನಸಂಖ್ಯೆಗೆ ಇಷ್ಟು, ನಿಮ್ಮದಕ್ಕೆ ಅಷ್ಟು. ಕಾಗದದ ಮೇಲೆ ಸರಿಯಾಗೇ ಇರುತ್ತೆ.

ಆದರೆ ಮನೆ ಇಲ್ಲದವರು ಜನಸಂಖ್ಯೆ ನೋಡಿಕೊಂಡು ಮಲಗಲ್ಲ. ಎಲ್ಲಿ ರೈಲು ಬರುತ್ತೋ, ಎಲ್ಲಿ ಊಟ ಸಿಗುತ್ತೋ, ಎಲ್ಲಿ ದೊಡ್ಡ ಆಸ್ಪತ್ರೆ ಇದೆಯೋ ಅಲ್ಲಿ ಸೇರುತ್ತಾರೆ. ಇವು ಹೆಚ್ಚಾಗಿ ಹುಬ್ಬಳ್ಳಿಯಲ್ಲಿವೆ. ಸರ್ಕಾರಿ ಆಸ್ಪತ್ರೆ ಕಿಮ್ಸ್ ಅಲ್ಲಿ, ಅದಕ್ಕೆ ಗದಗ, ಹಾವೇರಿ, ಕೊಪ್ಪಳ, ಉತ್ತರ ಕನ್ನಡದಿಂದ ಜನ ಬರುತ್ತಾರೆ. ಜಂಕ್ಷನ್ ಅಲ್ಲಿ. ಸಿದ್ಧಾರೂಢರ ಮಠದ ದಾಸೋಹ ಅಲ್ಲಿ. ಧಾರವಾಡದಲ್ಲಿ ಇರೋದು ಡಿಮ್ಹಾನ್ಸ್, ನಮ್ಮ ಕಡೆಯವರು ಇವತ್ತಿಗೂ ಮೆಂಟಲ್ ಆಸ್ಪತ್ರೆ ಅನ್ನೋದು. ಬ್ರಿಟಿಷರ ಕಾಲದ್ದು. ಬೀದಿಯಲ್ಲಿ ಅಲೆಯುವ ಮಾನಸಿಕ ಅಸ್ವಸ್ಥರನ್ನು ರಕ್ಷಿಸಿ ಆಸ್ಪತ್ರೆಗೆ ತಲುಪಿಸೋದು ಆಯಾ ಠಾಣೆಯ ಜವಾಬ್ದಾರಿ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತೆ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು ಧಾರವಾಡದಲ್ಲಿ ಅಡ್ಮಿಟ್ ಆಗ್ತಾರೆ. ಗುಣವಾದ ಮೇಲೆ ಗೇಟಿನ ಹೊರಗೆ ಬಂದರೆ ಅವರು ಯಾರ ಲೆಕ್ಕ? ಸಿಕ್ಕ ಊರಿನ ಲೆಕ್ಕವೋ, ಗುಣವಾದ ಊರಿನ ಲೆಕ್ಕವೋ? ಎರಡು ಪಾಲಿಕೆಗೂ ಆಚೆಕಡೆ ಬೆರಳು ತೋರಿಸೋದು ಸುಲಭ. ತೋರಿಸಿದ ಬೆರಳಿನ ಹಿಂದೆ ಆ ಮನುಷ್ಯ ನಡೆಯುತ್ತಲೇ ಇರಬೇಕು, 20 ಕಿಲೋಮೀಟರ್, ಆಮೇಲೆ ವಾಪಸ್ 20.

ದುಡ್ಡು ಎಲ್ಲಿದೆ ಅನ್ನುವವರು ನಿಮ್ಮ ಮನೆ ತೆರಿಗೆಯ ಚಲನ್ ತೆಗೆದು ನೋಡಿ. ಭಿಕ್ಷುಕರ ಉಪಕರ ಅಂತ ಒಂದು ಸಾಲು ಇರುತ್ತದೆ, ತೆರಿಗೆಯ ಮೇಲೆ ಶೇಕಡ 3. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು. ಕಟ್ಟುವವರಲ್ಲಿ ಎಷ್ಟು ಜನಕ್ಕೆ ಅದು ಗೊತ್ತು? ನನಗೇ ಗೊತ್ತಿರಲಿಲ್ಲ, ನಲವತ್ತು ದಾಟಿದ ಮೇಲೆ ಕಣ್ಣಿಗೆ ಬಿತ್ತು. ಪಾಲಿಕೆ ವಸೂಲಿ ಮಾಡಿ ರಾಜ್ಯದ ಪರಿಹಾರ ಸಮಿತಿಗೆ ಕಳಿಸಬೇಕು. ಸ್ಥಳೀಯ ಸಂಸ್ಥೆಗಳು ಅದನ್ನು ಬಾಕಿ ಉಳಿಸಿಕೊಳ್ಳೋದು ರಾಜ್ಯದ ತುಂಬ ಹಳೇ ಕಥೆ. ಈ ಕಾಯ್ದೆಯ ಬಗ್ಗೆಯೇ ನನಗೆ ತಕರಾರಿದೆ. ಮನೆ ಇಲ್ಲದವರನ್ನೆಲ್ಲ ಭಿಕ್ಷುಕರು ಅಂತ ಹಿಡಿದು ತುಂಬೋದು ಆಶ್ರಯ ಅಲ್ಲ. ಅದು ಇನ್ನೊಂದು ದಿನದ ಮಾತು. ಸದ್ಯಕ್ಕೆ ಇಷ್ಟು: ಇವರ ಹೆಸರಲ್ಲಿ ಎರಡೂ ಊರಿನವರು ದಶಕಗಳಿಂದ ದುಡ್ಡು ಕಟ್ಟುತ್ತಾ ಬಂದಿದ್ದೇವೆ.

ನಾನು ಕೇಳೋದು ದೊಡ್ಡದೇನಲ್ಲ. ರಾತ್ರಿ ಎತ್ತುವ ಒಂದು ಫೋನ್ ನಂಬರ್, ಎರಡೂ ಊರಿಗೆ ಸೇರಿ. ಎಷ್ಟು ಹಾಸಿಗೆ ಎಲ್ಲಿ ಖಾಲಿ ಇದೆ ಅಂತ ಹೇಳೋ ಒಂದು ಪಟ್ಟಿ, ಅದೂ ಎರಡೂ ಊರಿಗೆ ಸೇರಿ. ಖರ್ಚು ಪುಣೆಯ ಬಸ್ಸಿನ ಹಾಗೆ ಪಾಲು. ಡಿಮ್ಹಾನ್ಸ್, ಕಿಮ್ಸ್ ಎರಡರಿಂದಲೂ ಹೋಗಲು ಜಾಗ ಇಲ್ಲದವರು ಬಿಡುಗಡೆ ಆಗುವ ಮೊದಲು ಆ ನಂಬರಿಗೆ ಒಂದು ಕರೆ. ಎಣಿಕೆ ಮಾಡುವುದಾದರೆ ಎರಡೂ ಊರಲ್ಲಿ ಒಂದೇ ರಾತ್ರಿ. ಇಲ್ಲದಿದ್ದರೆ ಒಬ್ಬರನ್ನೇ ಎರಡು ಸಲ ಎಣಿಸ್ತೀವಿ, ಅಥವಾ ಎಣಿಸೋದೇ ಇಲ್ಲ.

ಮೇಜು ಎಲ್ಲಿಂದ ತರೋಣ ಅಂದರೆ, ನನಗೆ ಹೊಳೆದದ್ದು ಒಂದಿದೆ. ಹತ್ತು ಲಕ್ಷ ದಾಟಿದ, ಒಂದಕ್ಕಿಂತ ಹೆಚ್ಚು ಸ್ಥಳೀಯ ಸಂಸ್ಥೆ ಇರುವ ಮಹಾನಗರ ಪ್ರದೇಶಕ್ಕೆ ಯೋಜನಾ ಸಮಿತಿ ಇರಬೇಕು ಅಂತ ಸಂವಿಧಾನದ 243ಝಡ್‌ಇ ವಿಧಿಯಲ್ಲೇ ಇದೆ. ಮೂರರಲ್ಲಿ ಎರಡು ಪಾಲಿಗಿಂತ ಕಮ್ಮಿ ಇಲ್ಲದಷ್ಟು ಸದಸ್ಯರನ್ನು ಅಲ್ಲಿನ ಚುನಾಯಿತರೇ ತಮ್ಮೊಳಗಿಂದ ಆರಿಸಬೇಕು. 2011ರಲ್ಲೇ ನಾವು 9.43 ಲಕ್ಷ ಇದ್ದೆವು, ಈಗ ಹತ್ತು ದಾಟದೇ ಇರುತ್ತಾ? ಪಾಲಿಕೆಯನ್ನು ಎರಡು ಮಾಡಿದರೆ ಎರಡನೇ ಷರತ್ತೂ ಸಲೀಸು. ಬೇರೆ ಆಗುತ್ತಿರೋದರಿಂದಲೇ ಒಟ್ಟಿಗೆ ಕೂರೋಕೆ ಒಂದು ದಾರಿ ತೆರೆಯುತ್ತೆ. ಸರ್ಕಾರ ಒಂದು ಅಧಿಸೂಚನೆ ಹೊರಡಿಸಿದರೆ ಶುರು.

ಬೆಂಗಳೂರಿನಲ್ಲಿ 2025ರಲ್ಲಿ ಐದು ಪಾಲಿಕೆ ಮಾಡಿ ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂರಿಸಿದರು. ಅದನ್ನೇ ಇಲ್ಲಿಗೂ ತರೋಣ ಅನ್ನುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಅಲ್ಲಿ ಅಧ್ಯಕ್ಷರು ಮುಖ್ಯಮಂತ್ರಿ. ನವನಗರದ ಕಟ್ಟೆ ಮೇಲೆ ಕೂತ ಅಜ್ಜನ ವಿಷಯಕ್ಕೆ ನಾವು ವಿಧಾನಸೌಧದ ಕಡೆ ನೋಡಬೇಕಾ? ಇಬ್ಬರು ಮೇಯರ್ ತಿಂಗಳಿಗೊಮ್ಮೆ ಒಂದೇ ಕೋಣೆಯಲ್ಲಿ ಕೂತು ಚಹಾ ಕುಡಿದರೆ ಸಾಕು ನನಗೆ. ಒಂದು ತಿಂಗಳು ಹುಬ್ಬಳ್ಳಿಯಲ್ಲಿ, ಒಂದು ತಿಂಗಳು ಧಾರವಾಡದಲ್ಲಿ. ಚಿಗರಿಯಲ್ಲೇ ಬರಲಿ.

ಅವತ್ತು ರಾತ್ರಿ ಏನಾಯ್ತು ಅಂತ ಕೇಳ್ತೀರಿ. ಫೋನಿನಲ್ಲಿದ್ದವರು "ನೋಡ್ತೀವ್ರಿ" ಅಂದರು. ಅರ್ಧ ಗಂಟೆ ಕಾದೆ. ಕೊನೆಗೆ ಒಬ್ಬ ಆಟೋದವ ನಿಲ್ಲಿಸಿ ಸಂಗತಿ ಕೇಳಿದ. "ಸರ, ಸಿದ್ಧಾರೂಢ ಮಠದ ಕಡೆ ಬಿಡೂಣ. ಮುಂಜಾನೆ ಊಟರ ಸಿಗತೈತಿ" ಅಂದ. ಅಜ್ಜ ಮೇಲಕ್ಕೆದ್ದು ಮೊದಲು ಫೈಲು ಇರೋ ಚೀಲ ಎತ್ತಿಕೊಂಡರು. ಆಟೋದವ ರಾತ್ರಿ ರೇಟೇ ತಗೊಂಡ, ಮಾಫಿ ಏನೂ ಮಾಡಲಿಲ್ಲ. ಆದರೆ ಹುಬ್ಬಳ್ಳಿಯೋ ಧಾರವಾಡವೋ ಅಂತ ಕೇಳಲಿಲ್ಲ.

ನವನಗರ, ರಾಯಾಪುರ, ಸತ್ತೂರು ಕಡೆಯವರು ಯಾರಾದರೂ ಓದುತ್ತಿದ್ದರೆ ಕೆಳಗೆ ಬರೆಯಿರಿ. ನಿಮ್ಮ ಓಣಿಗೆ ಸಮಸ್ಯೆ ಬಂದಾಗ ಈಗ ಯಾವ ಕಡೆ ಫೋನ್ ಮಾಡ್ತೀರಿ? ಯಾವ ಕಡೆಯವರು ಎತ್ತುತ್ತಾರೆ? ಒಂದು ಪಟ್ಟಿ ಮಾಡಿಕೊಂಡು ನಮ್ಮ ವಾರ್ಡಿನ ಕಾರ್ಪೊರೇಟರ್ ಹತ್ತಿರ ಹೋಗೋಣ ಅಂತಿದ್ದೇನೆ. ಹುಬ್ಬಳ್ಳಿ ಕಡೆಯಿಂದಲೂ ಒಬ್ಬರು ಬಂದರೆ ಒಳ್ಳೇದು.